ಫ್ರಾಂಚೈಸಿ ತಂಡದ ಆಧಾರ ಆಟಗಾರ

ಆಧಾರ ಆಟಗಾರ ಎಂದರೆ ಫ್ರಾಂಚೈಸಿ ಪದ್ಧತಿಯ ಕ್ರೀಡಾ ತಂಡವೊಂದು ಹಲವು ಋತುಗಳ ಕಾಲ ತನ್ನ ಆಟದ ಯೋಜನೆಯನ್ನು ಯಾರ ಸುತ್ತ ಕಟ್ಟಿಕೊಳ್ಳುತ್ತದೆಯೋ ಆ ಆಟಗಾರ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಈ ಸ್ಥಾನ ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್‌ಗೆ ಸಲ್ಲುತ್ತದೆ. ಕ್ರಿಕೆಟ್‌ನಲ್ಲಿ ಅದು ಹೆಚ್ಚಾಗಿ ನಾಯಕನಿಗೆ ಅಥವಾ ಪ್ರಮುಖ ಬ್ಯಾಟರ್‌ಗೆ ಸೇರುತ್ತದೆ. ಸತತವಾಗಿ ಸೋಲುತ್ತಿರುವ ತಂಡವೊಂದು ಇಂತಹ ಆಟಗಾರನನ್ನು ಹೇಗೆ ಹುಡುಕಬೇಕು ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ದೊರೆಯುವ ಅತ್ಯುತ್ತಮ ನಿದರ್ಶನ ಇಂಡಿಯನ್ ಪ್ರೀಮಿಯರ್ ಲೀಗ್‌ನ ರಾಯಲ್ ಚಾಲೆಂಜರ್ಸ್ ಬೆಂಗಳೂರು (ಆರ್‌ಸಿಬಿ) ತಂಡ. 2008ರಲ್ಲಿ ಆರಂಭವಾದ ಈ ತಂಡ ತನ್ನ ಮೊದಲ ಪ್ರಶಸ್ತಿಯನ್ನು ಗೆದ್ದದ್ದು 2025ರಲ್ಲಿ, ಹದಿನೆಂಟನೆಯ ಪ್ರಯತ್ನದಲ್ಲಿ. ಈ ಅವಧಿಯಲ್ಲಿ ರಾಹುಲ್ ದ್ರಾವಿಡ್, ಕೆವಿನ್ ಪೀಟರ್ಸನ್, ಅನಿಲ್ ಕುಂಬ್ಳೆ, ಡೇನಿಯಲ್ ವೆಟ್ಟೋರಿ, ವಿರಾಟ್ ಕೊಹ್ಲಿ, ಫಾಫ್ ಡು ಪ್ಲೆಸಿ ಮತ್ತು ರಜತ್ ಪಾಟಿದಾರ್ ತಂಡದ ನಾಯಕರಾಗಿ ನೇಮಕಗೊಂಡಿದ್ದರು.

ಪರಿಕಲ್ಪನೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ತನ್ನ ತಂಡದ ಆಕ್ರಮಣವನ್ನು ನಿರ್ದೇಶಿಸುತ್ತಾನೆ. ಪ್ರತಿ ಸರದಿಯ ಆರಂಭದಲ್ಲಿ ಚೆಂಡು ಬಹುಮಟ್ಟಿಗೆ ಅವನ ಕೈಗೇ ಬರುತ್ತದೆ. ಅದನ್ನು ಎಸೆಯಬೇಕೇ, ಸಹ ಆಟಗಾರನಿಗೆ ಒಪ್ಪಿಸಬೇಕೇ ಅಥವಾ ತಾನೇ ಹಿಡಿದು ಓಡಬೇಕೇ ಎಂಬುದನ್ನು ಅವನು ಕ್ಷಣಾರ್ಧದಲ್ಲಿ ನಿರ್ಧರಿಸಬೇಕಾಗುತ್ತದೆ. ಆದ್ದರಿಂದ ಅಲ್ಲಿನ ತಂಡಗಳು ಈ ಒಂದು ಸ್ಥಾನಕ್ಕೆ ತಕ್ಕವನನ್ನು ಹುಡುಕಲು ವರ್ಷಗಟ್ಟಲೆ ಶ್ರಮಿಸುತ್ತವೆ.

ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ ಹೊಸ ಆಟಗಾರರನ್ನು 'ಡ್ರಾಫ್ಟ್' ಎಂಬ ಸರದಿ ಆಯ್ಕೆಯ ಮೂಲಕ ಹಂಚಲಾಗುತ್ತದೆ. ಹಿಂದಿನ ಋತುವಿನಲ್ಲಿ ಅತ್ಯಂತ ಕೆಟ್ಟ ಸಾಧನೆ ತೋರಿದ ತಂಡಕ್ಕೆ ಮೊದಲ ಆಯ್ಕೆಯ ಅವಕಾಶ ಸಿಗುತ್ತದೆ. ಸೋತವನಿಗೆ ಆಸರೆಯಾಗಲಿ ಎಂಬುದು ಈ ನಿಯಮದ ಉದ್ದೇಶ. ಆದರೆ ಮೊದಲ ಸರದಿ ಸಿಕ್ಕ ಮಾತ್ರಕ್ಕೆ ಸರಿಯಾದ ಆಯ್ಕೆ ಆಗುತ್ತದೆ ಎನ್ನುವಂತಿಲ್ಲ. 1998ರ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಪೇಟನ್ ಮ್ಯಾನಿಂಗ್ ಶ್ರೇಷ್ಠ ಆಟಗಾರರೆನಿಸಿದರು. ಎರಡನೆಯವರಾಗಿ ಆಯ್ಕೆಯಾದ ರಯಾನ್ ಲೀಫ್ ಕೆಲವೇ ವರ್ಷಗಳಲ್ಲಿ ಆಟದಿಂದ ಮರೆಯಾದರು. 2000ದ ಡ್ರಾಫ್ಟ್‌ನಲ್ಲಿ 199ನೆಯವರಾಗಿ ಆಯ್ಕೆಯಾದ ಟಾಮ್ ಬ್ರೇಡಿ ಮುಂದೆ ಏಳು ಸೂಪರ್ ಬೌಲ್ ಪ್ರಶಸ್ತಿಗಳನ್ನು ಗೆದ್ದರು.

ಐಪಿಎಲ್‌ನಲ್ಲಿ ಆಯ್ಕೆಯ ಮಾರ್ಗಗಳು

ಐಪಿಎಲ್‌ನಲ್ಲಿ ಕೊನೆಯ ಸ್ಥಾನ ಪಡೆದ ತಂಡಕ್ಕೆ ಮೊದಲ ಆಯ್ಕೆಯ ರಿಯಾಯಿತಿ ಇಲ್ಲ. ಎಲ್ಲ ತಂಡಗಳಿಗೂ ಸಮಾನ ವೆಚ್ಚ ಮಿತಿಯನ್ನು ನಿಗದಿಪಡಿಸಿ, ಆಟಗಾರರನ್ನು ಹರಾಜಿನಲ್ಲಿ ಕೊಳ್ಳಲು ಬಿಡಲಾಗುತ್ತದೆ. ಈ ಮಿತಿ 2018ರಲ್ಲಿ 80 ಕೋಟಿ ರೂಪಾಯಿ ಇತ್ತು. 2022ರಲ್ಲಿ 90 ಕೋಟಿಗೂ 2025ರ ಋತುವಿಗೆ 120 ಕೋಟಿಗೂ ಏರಿತು. ಆಧಾರ ಆಟಗಾರನನ್ನು ಪಡೆಯಲು ತಂಡಗಳಿಗೆ ಇದುವರೆಗೆ ಒದಗಿರುವ ದಾರಿಗಳು ಹೀಗಿವೆ:

ಐಕಾನ್ ಆಟಗಾರ: 2008ರಲ್ಲಿ ಐದು ತಂಡಗಳಿಗೆ ಆಯಾ ಪ್ರದೇಶದ ಹಿರಿಯ ಆಟಗಾರನನ್ನು ಹರಾಜಿಲ್ಲದೆಯೇ ನೀಡಲಾಯಿತು. ಅವರಿಗೆ ತಂಡದ ಅತಿ ದುಬಾರಿ ಆಟಗಾರನಿಗಿಂತ ಶೇ. 15ರಷ್ಟು ಹೆಚ್ಚು ಸಂಭಾವನೆ ಕೊಡಬೇಕಿತ್ತು.

ಕಿರಿಯರ ಡ್ರಾಫ್ಟ್: ಅದೇ ವರ್ಷ 19 ವರ್ಷದೊಳಗಿನವರ ಭಾರತ ತಂಡದ ಆಟಗಾರರನ್ನು ಸರದಿಯ ಪ್ರಕಾರ ಹಂಚಲಾಯಿತು.

ಹರಾಜು: ಬಹುಪಾಲು ಆಟಗಾರರು ಈ ದಾರಿಯಲ್ಲೇ ತಂಡ ಸೇರುತ್ತಾರೆ.

ಉಳಿಸಿಕೊಳ್ಳುವಿಕೆ: ಮಹಾ ಹರಾಜಿಗೆ ಮುನ್ನ ನಿಗದಿತ ಸಂಖ್ಯೆಯ ಆಟಗಾರರನ್ನು ತಂಡದಲ್ಲೇ ಇರಿಸಿಕೊಳ್ಳಬಹುದು. ಅವರಿಗೆ ನೀಡುವ ಹಣ ಒಟ್ಟು ಮಿತಿಯಿಂದ ಕಡಿತವಾಗುತ್ತದೆ.

ವಿನಿಮಯ: ಎರಡು ತಂಡಗಳು ಪರಸ್ಪರ ಒಪ್ಪಿ ಆಟಗಾರರನ್ನು ಬದಲಿಸಿಕೊಳ್ಳುವ ಕ್ರಮ. ಜಹೀರ್ ಖಾನ್ ಅವರನ್ನು ಮುಂಬೈಗೆ ಕೊಟ್ಟು ರಾಬಿನ್ ಉತ್ತಪ್ಪ ಅವರನ್ನು ಆರ್‌ಸಿಬಿ ಪಡೆದುದು ಹೀಗೆ.

ಬದಲಿ ಆಟಗಾರ: ಋತುವಿನ ನಡುವೆ ಗಾಯಗೊಂಡವರ ಸ್ಥಾನಕ್ಕೆ, ಹರಾಜಿನಲ್ಲಿ ಮಾರಾಟವಾಗದವರನ್ನು ಕರೆತರಲು ಅವಕಾಶವಿದೆ.

ಈ ಮಾರ್ಗಗಳಲ್ಲಿ ಹೆಚ್ಚು ಹಣ ಮತ್ತು ಪ್ರಚಾರ ಪಡೆಯುವುದು ಹರಾಜು. ಆದರೆ ಆರ್‌ಸಿಬಿಯ ಇತಿಹಾಸದ ಮೂವರು ನಿರ್ಣಾಯಕ ಆಟಗಾರರಾದ ಕೊಹ್ಲಿ, ಕ್ರಿಸ್ ಗೇಲ್ ಮತ್ತು ಪಾಟಿದಾರ್, ತಂಡಕ್ಕೆ ಆಧಾರವಾಗುವ ಹಂತಕ್ಕೆ ಬಂದದ್ದು ಹರಾಜಿನ ದೊಡ್ಡ ಬೆಲೆಯಿಂದಲ್ಲ.

ಆರ್‌ಸಿಬಿಯ ಅನುಭವ

2008: ಹಿರಿತನದ ಆಯ್ಕೆ

ಯುನೈಟೆಡ್ ಬ್ರೂವರೀಸ್ ಸಮೂಹದ ವಿಜಯ್ ಮಲ್ಯ ಬೆಂಗಳೂರು ಫ್ರಾಂಚೈಸಿಯನ್ನು 11.16 ಕೋಟಿ ಡಾಲರ್‌ಗೆ ಕೊಂಡರು. ಐಕಾನ್ ಆಟಗಾರರಾಗಿ ದ್ರಾವಿಡ್ ನಾಯಕರಾದರು. ತಂಡದ ಅತಿ ದುಬಾರಿ ಖರೀದಿ 9 ಲಕ್ಷ ಡಾಲರ್‌ನ ಜಾಕ್ ಕಾಲಿಸ್ ಆಗಿದ್ದರಿಂದ, ದ್ರಾವಿಡ್ ಅವರ ಸಂಭಾವನೆ 10.35 ಲಕ್ಷ ಡಾಲರ್ ಆಯಿತು. ಕುಂಬ್ಳೆ, ಕಾಲಿಸ್, ವಾಸಿಂ ಜಾಫರ್, ಶಿವನಾರಾಯಣ್ ಚಂದ್ರಪಾಲ್ ಮೊದಲಾದ ಟೆಸ್ಟ್ ಕ್ರಿಕೆಟಿಗರಿಂದ ತುಂಬಿದ್ದ ಈ ತಂಡ, 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಲೀಗ್‌ನ ಪ್ರಪ್ರಥಮ ಪಂದ್ಯದಲ್ಲೇ ಕೋಲ್ಕತ್ತ ನೈಟ್ ರೈಡರ್ಸ್ ವಿರುದ್ಧ 140 ರನ್‌ಗಳಿಂದ ಸೋತಿತು. ಎದುರಾಳಿಯ ಬ್ರೆಂಡನ್ ಮೆಕಲಮ್ ಒಬ್ಬರೇ ಔಟಾಗದೆ 158 ರನ್ ಹೊಡೆದರೆ, ಇಡೀ ಆರ್‌ಸಿಬಿ 82 ರನ್‌ಗೆ ಕುಸಿಯಿತು. 14 ಪಂದ್ಯಗಳಲ್ಲಿ ನಾಲ್ಕನ್ನು ಮಾತ್ರ ಗೆದ್ದ ತಂಡ ಎಂಟರಲ್ಲಿ ಏಳನೆಯ ಸ್ಥಾನ ಪಡೆಯಿತು.

ಆದರೆ ಮುಂದಿನ ಆಧಾರ ಅದೇ ವರ್ಷ ತಂಡದೊಳಕ್ಕೆ ಬಂದಿತ್ತು. 2008ರ ಮಾರ್ಚ್‌ನಲ್ಲಿ ಮಲೇಷ್ಯಾದಲ್ಲಿ ಭಾರತಕ್ಕೆ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಕೊಹ್ಲಿ ದೆಹಲಿಯವರು. ಆದರೂ ಕಿರಿಯರ ಡ್ರಾಫ್ಟ್‌ನಲ್ಲಿ ದೆಹಲಿ ಡೇರ್‌ಡೆವಿಲ್ಸ್ ವೇಗದ ಬೌಲರ್ ಪ್ರದೀಪ್ ಸಂಗ್ವಾನ್ ಅವರನ್ನು ಆರಿಸಿಕೊಂಡಿತು. ಕೊಹ್ಲಿ ಬೆಂಗಳೂರಿನ ಪಾಲಾದರು. ಮೊದಲ ಋತುವಿನಲ್ಲಿ ಅವರು ಗಳಿಸಿದ್ದು 13 ಪಂದ್ಯಗಳಲ್ಲಿ 165 ರನ್ ಮಾತ್ರ.

2009–2012: ಮಧ್ಯಂತರ ನಾಯಕರು

ದಕ್ಷಿಣ ಆಫ್ರಿಕಾದಲ್ಲಿ ನಡೆದ 2009ರ ಲೀಗ್‌ಗೆ 15.5 ಲಕ್ಷ ಡಾಲರ್ ಕೊಟ್ಟು ಕೊಂಡ ಪೀಟರ್ಸನ್ ನಾಯಕರಾದರು. ಅವರು ಟೂರ್ನಿಯ ನಡುವೆಯೇ ಇಂಗ್ಲೆಂಡ್ ತಂಡದ ಕರ್ತವ್ಯಕ್ಕೆ ಹಿಂದಿರುಗಿದಾಗ, ಟೆಸ್ಟ್ ಕ್ರಿಕೆಟ್‌ನಿಂದ ಆಗಷ್ಟೇ ನಿವೃತ್ತರಾಗಿದ್ದ 38 ವರ್ಷದ ಕುಂಬ್ಳೆ ಹೊಣೆ ವಹಿಸಿಕೊಂಡರು. ಸೋಲಿನ ಹಾದಿಯಲ್ಲಿದ್ದ ತಂಡವನ್ನು ಅವರು ಫೈನಲ್‌ವರೆಗೆ ಕೊಂಡೊಯ್ದರು. ಜೊಹಾನ್ಸ್‌ಬರ್ಗ್‌ನ ಫೈನಲ್‌ನಲ್ಲಿ 16 ರನ್‌ಗೆ 4 ವಿಕೆಟ್ ಪಡೆದರು. ಆದರೂ ಡೆಕ್ಕನ್ ಚಾರ್ಜರ್ಸ್ 6 ರನ್‌ಗಳಿಂದ ಗೆದ್ದಿತು. ಕುಂಬ್ಳೆ ಉತ್ತಮ ನಾಯಕರೆಂಬುದರಲ್ಲಿ ಸಂದೇಹವಿರಲಿಲ್ಲ. ಆದರೆ ವಯಸ್ಸಿನ ಕಾರಣ ಅವರು ದೀರ್ಘಕಾಲದ ಉತ್ತರವಾಗುವಂತಿರಲಿಲ್ಲ. 2010ರ ಬಳಿಕ ಅವರು ತಂಡದ ಪರ ಆಡಲಿಲ್ಲ.

2011ರ ಮಹಾ ಹರಾಜಿಗೆ ಮುನ್ನ ಆರ್‌ಸಿಬಿ ಉಳಿಸಿಕೊಂಡದ್ದು ಕೊಹ್ಲಿ ಒಬ್ಬರನ್ನೇ. 2009ರಲ್ಲಿ 246, 2010ರಲ್ಲಿ 307 ರನ್ ಗಳಿಸಿದ್ದ 22ರ ಯುವಕನನ್ನು ದ್ರಾವಿಡ್, ಕಾಲಿಸ್, ಉತ್ತಪ್ಪ ಇವರೆಲ್ಲರಿಗಿಂತ ಮುಂದಿರಿಸಿದ ನಿರ್ಧಾರ ಅದು. ಅಂಕಿಅಂಶಗಳನ್ನಷ್ಟೇ ನೋಡಿದರೆ ಅದಕ್ಕೆ ಬಲವಾದ ಸಮರ್ಥನೆ ಇರಲಿಲ್ಲ. ಮುಂದಿನ ಋತುವಿನಲ್ಲೇ ಕೊಹ್ಲಿ 557 ರನ್ ಗಳಿಸಿದರು.

ಅದೇ ವರ್ಷ ಗಾಯಗೊಂಡ ಡರ್ಕ್ ನ್ಯಾನೆಸ್ ಅವರ ಬದಲಿಯಾಗಿ, ಹರಾಜಿನಲ್ಲಿ ಯಾರೂ ಕೊಳ್ಳದಿದ್ದ ಗೇಲ್ ತಂಡ ಸೇರಿದರು. ತಮ್ಮ ಹಳೆಯ ತಂಡ ಕೋಲ್ಕತ್ತದ ವಿರುದ್ಧ ಆಡಿದ ಮೊದಲ ಪಂದ್ಯದಲ್ಲೇ ಶತಕ ಬಾರಿಸಿದರು. 608 ರನ್‌ಗಳೊಂದಿಗೆ ಆ ಋತುವಿನ ಅತಿ ಹೆಚ್ಚು ರನ್ ಗಳಿಸಿದವರೆನಿಸಿದರು. ವೆಟ್ಟೋರಿ ನಾಯಕತ್ವದ ತಂಡ ಫೈನಲ್ ತಲುಪಿ ಚೆನ್ನೈನಲ್ಲಿ 58 ರನ್‌ಗಳಿಂದ ಸೋತಿತು.

2013–2021: ಕೊಹ್ಲಿ ಯುಗ

2013ರಲ್ಲಿ ಕೊಹ್ಲಿ ಪೂರ್ಣಾವಧಿ ನಾಯಕರಾದರು. ಗೇಲ್, ಕೊಹ್ಲಿ, ಎಬಿ ಡಿವಿಲಿಯರ್ಸ್ ಎಂಬ ಮೂವರು ಬ್ಯಾಟರ್‌ಗಳ ಮೇಲೆ ನಿಂತ ತಂಡ ಅಪೂರ್ವ ದಾಖಲೆಗಳನ್ನು ಸೃಷ್ಟಿಸಿತು. 2013ರ ಏಪ್ರಿಲ್ 23ರಂದು ಪುಣೆ ವಾರಿಯರ್ಸ್ ವಿರುದ್ಧ ಗೇಲ್ ಔಟಾಗದೆ 175 ರನ್ ಹೊಡೆದರು. 2016ರಲ್ಲಿ ಕೊಹ್ಲಿ ನಾಲ್ಕು ಶತಕಗಳೊಂದಿಗೆ 973 ರನ್ ಗಳಿಸಿದರು. ಆ ವರ್ಷದ ಫೈನಲ್ ಬೆಂಗಳೂರಿನಲ್ಲೇ ನಡೆಯಿತು. ಸನ್‌ರೈಸರ್ಸ್ ಹೈದರಾಬಾದ್‌ನ 208 ರನ್‌ಗಳನ್ನು ಬೆನ್ನಟ್ಟಿದ ಆರ್‌ಸಿಬಿಗೆ ಗೇಲ್ ಮತ್ತು ಕೊಹ್ಲಿ 114 ರನ್‌ಗಳ ಆರಂಭ ಒದಗಿಸಿದರು. ಅವರು ಔಟಾದ ಮೇಲೆ ತಂಡ ಕುಂಟಿತು. 8 ರನ್‌ಗಳ ಸೋಲು ಎದುರಾಯಿತು. ಮರುವರ್ಷ ಇದೇ ತಂಡ ಕೋಲ್ಕತ್ತದಲ್ಲಿ 49 ರನ್‌ಗೆ ಆಲೌಟ್ ಆಯಿತು. 2017 ಮತ್ತು 2019ರಲ್ಲಿ ಕೊನೆಯ ಸ್ಥಾನಕ್ಕಿಳಿಯಿತು.

ಈ ಅವಧಿಯ ಪಾಠ ಸರಳವಾದುದು. ಆಧಾರ ಸ್ತಂಭ ಎಷ್ಟೇ ಗಟ್ಟಿಯಾಗಿದ್ದರೂ ಮನೆಗೆ ಗೋಡೆ, ಸೂರುಗಳೂ ಬೇಕು. ಹರಾಜಿನಲ್ಲಿ ದೊಡ್ಡ ಹೆಸರುಗಳಿಗೆ ಸುರಿದ ಹಣ ಆ ಕೊರತೆಯನ್ನು ತುಂಬಲಿಲ್ಲ. 2014ರಲ್ಲಿ 14 ಕೋಟಿ ರೂಪಾಯಿಗೆ ಬಂದ ಯುವರಾಜ್ ಸಿಂಗ್ ಒಂದೇ ಋತುವಿನ ನಂತರ ನಿರ್ಗಮಿಸಿದರು. 2021ರಲ್ಲಿ 15 ಕೋಟಿಗೆ ಬಂದ ಕೈಲ್ ಜೇಮಿಸನ್ ಒಂಬತ್ತು ಪಂದ್ಯಗಳಲ್ಲಿ ಒಂಬತ್ತು ವಿಕೆಟ್ ಪಡೆದರು. 2022ಕ್ಕೆ ಮುನ್ನ ಬಿಟ್ಟುಕೊಟ್ಟ ಯಜುವೇಂದ್ರ ಚಾಹಲ್ ಅವರನ್ನು ರಾಜಸ್ಥಾನ್ ರಾಯಲ್ಸ್ 6.5 ಕೋಟಿಗೆ ಕೊಂಡಿತು. ಆ ವರ್ಷ ಅವರು 27 ವಿಕೆಟ್‌ಗಳೊಂದಿಗೆ ಲೀಗ್‌ನ ಅತ್ಯಂತ ಯಶಸ್ವಿ ಬೌಲರ್ ಆದರು.

2022–2025: ಉತ್ತರಾಧಿಕಾರಿಯ ಹುಡುಕಾಟ

2021ರ ಋತುವಿನ ಕೊನೆಗೆ ಕೊಹ್ಲಿ ನಾಯಕತ್ವ ತ್ಯಜಿಸಿದರು. ಅವರ ಸ್ಥಾನಕ್ಕೆ 7 ಕೋಟಿ ರೂಪಾಯಿಗೆ ಡು ಪ್ಲೆಸಿ ಬಂದರು. ಆಗ ಅವರಿಗೆ 37 ವರ್ಷ. ಕುಂಬ್ಳೆಯವರಂತೆ ಇವರೂ ಸೇತುವೆಯಾಗಬಲ್ಲ ನಾಯಕರು. ಅವರ ಅವಧಿಯ ಮೂರು ಋತುಗಳಲ್ಲಿ ತಂಡ ಎರಡು ಬಾರಿ ಪ್ಲೇಆಫ್ ತಲುಪಿತು. 2024ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದಿದ್ದ ತಂಡ, ಉಳಿದ ಆರನ್ನೂ ಗೆದ್ದು ಮುನ್ನಡೆದುದು ಗಮನಾರ್ಹ.

ಈ ಮಧ್ಯೆ ಇಂದೋರಿನ ಬ್ಯಾಟರ್ ರಜತ್ ಪಾಟಿದಾರ್ ತಂಡದ ಅಂಚಿನಲ್ಲಿದ್ದರು. 2021ರಲ್ಲಿ 20 ಲಕ್ಷಕ್ಕೆ ಆಯ್ಕೆಯಾಗಿದ್ದ ಅವರನ್ನು 2022ರ ಹರಾಜಿನಲ್ಲಿ ಯಾವ ತಂಡವೂ ಕೊಳ್ಳಲಿಲ್ಲ. ಕರ್ನಾಟಕದ ಲವನೀತ್ ಸಿಸೋಡಿಯಾ ಗಾಯಗೊಂಡಾಗ ಬದಲಿಯಾಗಿ ಬಂದು, ಲಖನೌ ವಿರುದ್ಧದ ಎಲಿಮಿನೇಟರ್‌ನಲ್ಲಿ ಔಟಾಗದೆ 112 ರನ್ ಗಳಿಸಿದರು. ಮುಂದಿನ ತಿಂಗಳು ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೆದ ರಣಜಿ ಫೈನಲ್‌ನಲ್ಲಿ ಅವರ 122 ರನ್ ಮಧ್ಯಪ್ರದೇಶದ ಚೊಚ್ಚಲ ಪ್ರಶಸ್ತಿಗೆ ನೆರವಾಯಿತು. ಗಾಯದಿಂದ 2023ರ ಐಪಿಎಲ್ ತಪ್ಪಿದರೂ ತಂಡ ಅವರನ್ನು ಕೈಬಿಡಲಿಲ್ಲ. 2024ರ ಕೊನೆಗೆ ಅವರು ಮಧ್ಯಪ್ರದೇಶವನ್ನು ಸಯ್ಯದ್ ಮುಷ್ತಾಕ್ ಅಲಿ ಟ್ರೋಫಿಯ ಫೈನಲ್‌ವರೆಗೆ ಮುನ್ನಡೆಸಿದರು. 2025ರ ಫೆಬ್ರವರಿ 13ರಂದು ಆರ್‌ಸಿಬಿ ಅವರನ್ನು ನಾಯಕರೆಂದು ಘೋಷಿಸಿತು.

2025ರ ಮಹಾ ಹರಾಜಿಗೆ ಆರ್‌ಸಿಬಿ ಮೂವರನ್ನು ಮಾತ್ರ ಉಳಿಸಿಕೊಂಡಿತ್ತು: ಕೊಹ್ಲಿ (21 ಕೋಟಿ), ಪಾಟಿದಾರ್ (11 ಕೋಟಿ) ಮತ್ತು ಯಶ್ ದಯಾಳ್ (5 ಕೋಟಿ). ಕೈಯಲ್ಲಿ ಉಳಿದ 83 ಕೋಟಿಯನ್ನು ಒಬ್ಬ ತಾರೆಗೆ ಸುರಿಯದೆ ಹಂಚಲಾಯಿತು. ಜೋಶ್ ಹೇಜಲ್‌ವುಡ್ (12.5 ಕೋಟಿ), ಫಿಲ್ ಸಾಲ್ಟ್ (11.5 ಕೋಟಿ), ಜಿತೇಶ್ ಶರ್ಮಾ (11 ಕೋಟಿ), ಭುವನೇಶ್ವರ್ ಕುಮಾರ್ (10.75 ಕೋಟಿ), ಕೃಣಾಲ್ ಪಾಂಡ್ಯ (5.75 ಕೋಟಿ) ಮೊದಲಾದವರು ಬಂದರು. ತಂಡ 2008ರ ನಂತರ ಮೊದಲ ಬಾರಿಗೆ ಚೆನ್ನೈನ ಚೆಪಾಕ್‌ನಲ್ಲಿ ಚೆನ್ನೈ ಸೂಪರ್ ಕಿಂಗ್ಸ್ ವಿರುದ್ಧ ಜಯಿಸಿತು. ಲೀಗ್ ಹಂತದ ಹೊರ ಊರಿನ ಏಳೂ ಪಂದ್ಯಗಳನ್ನು ಗೆದ್ದ ಮೊದಲ ತಂಡವೆನಿಸಿತು. ಅವುಗಳಲ್ಲಿ ಕೊನೆಯದಾದ ಲಖನೌ ಪಂದ್ಯದಲ್ಲಿ ಪಾಟಿದಾರ್ ಪೂರ್ಣ ಫಿಟ್ ಇರಲಿಲ್ಲ. ನಾಯಕತ್ವ ವಹಿಸಿದ ಜಿತೇಶ್ ಔಟಾಗದೆ 85 ರನ್ ಹೊಡೆದು ಗೆಲ್ಲಿಸಿದರು.

ಜೂನ್ 3ರಂದು ಅಹಮದಾಬಾದ್‌ನ ಫೈನಲ್‌ನಲ್ಲಿ ತಂಡದ ಯಾರೂ ಅರ್ಧಶತಕ ಗಳಿಸಲಿಲ್ಲ. ಆದರೂ ಮೊತ್ತ 190 ಆಯಿತು. ಗರಿಷ್ಠ ಗಳಿಕೆ ಕೊಹ್ಲಿಯವರ 43. ಕೃಣಾಲ್ 17 ರನ್‌ಗೆ 2 ವಿಕೆಟ್ ಪಡೆದರು. ಪಂಜಾಬ್ ಕಿಂಗ್ಸ್ 184ಕ್ಕೆ ನಿಂತಿತು. 2009ರಲ್ಲಿ ಕಪ್ ಕೈತಪ್ಪಿದ್ದು 6 ರನ್‌ಗಳಿಂದ. 2025ರಲ್ಲಿ ಅದು ಕೈಗೆ ಬಂದದ್ದೂ ಅಷ್ಟೇ ಅಂತರದಿಂದ.

ಮಹಿಳಾ ತಂಡದ ನಿದರ್ಶನ

ಮಹಿಳಾ ಪ್ರೀಮಿಯರ್ ಲೀಗ್‌ನ ಮೊದಲ ಹರಾಜಿನಲ್ಲಿ (ಫೆಬ್ರವರಿ 2023) ಆರ್‌ಸಿಬಿ ತನಗಿದ್ದ 12 ಕೋಟಿಯಲ್ಲಿ 3.4 ಕೋಟಿಯನ್ನು ಸ್ಮೃತಿ ಮಂಧಾನ ಒಬ್ಬರಿಗೇ ವಿನಿಯೋಗಿಸಿ ಅವರನ್ನು ನಾಯಕಿಯನ್ನಾಗಿಸಿತು. ಮೊದಲ ಐದೂ ಪಂದ್ಯಗಳಲ್ಲಿ ತಂಡ ಸೋತಿತು. ಎಂಟರಲ್ಲಿ ಎರಡು ಗೆಲುವಷ್ಟೇ ದಕ್ಕಿತು. ಆದರೂ ನಾಯಕತ್ವವನ್ನು ಬದಲಿಸಲಿಲ್ಲ. ಮರುವರ್ಷ, 2024ರ ಮಾರ್ಚ್ 17ರಂದು, ಇದೇ ನಾಯಕಿಯ ತಂಡ ಡೆಲ್ಲಿ ಕ್ಯಾಪಿಟಲ್ಸ್ ತಂಡವನ್ನು ಅದರ ಊರಿನಲ್ಲೇ 8 ವಿಕೆಟ್‌ಗಳಿಂದ ಮಣಿಸಿ ಪ್ರಶಸ್ತಿ ಗೆದ್ದಿತು. ಆರ್‌ಸಿಬಿ ಹೆಸರಿಗೆ ಸಂದ ಪ್ರಥಮ ಕಪ್ ಅದು. ಕೇವಲ 10 ಲಕ್ಷಕ್ಕೆ ತಂಡ ಸೇರಿದ್ದ ಕರ್ನಾಟಕದ ಶ್ರೇಯಾಂಕಾ ಪಾಟೀಲ್ ಫೈನಲ್‌ನಲ್ಲಿ 4 ವಿಕೆಟ್ ಪಡೆದರು. ಋತುವಿನ ಅತಿ ಹೆಚ್ಚು ವಿಕೆಟ್ ಪಡೆದ ಬೌಲರ್ ಕೂಡ ಅವರೇ.

ಸ್ಥಳೀಯ ಆಟಗಾರರ ಪ್ರಶ್ನೆ

ಬೆಂಗಳೂರಿನ ಹೆಸರು ಹೊತ್ತ ತಂಡಕ್ಕೆ ಕರ್ನಾಟಕದವರೇ ಆಧಾರವಾಗಬೇಕೆಂಬ ಬಯಕೆ ಅಭಿಮಾನಿಗಳಲ್ಲಿ ಮೊದಲಿನಿಂದಲೂ ಇದೆ. ಐಪಿಎಲ್‌ನಲ್ಲಿ ಶತಕ ಗಳಿಸಿದ ಮೊದಲ ಭಾರತೀಯ ಮನೀಷ್ ಪಾಂಡೆ ಆ ಸಾಧನೆ ಮಾಡಿದ್ದು 2009ರಲ್ಲಿ ಆರ್‌ಸಿಬಿ ಪರವಾಗಿ. ಎರಡು ವರ್ಷಗಳ ಬಳಿಕ ಅವರು ಬೇರೆ ತಂಡದಲ್ಲಿದ್ದರು. 2014ರಲ್ಲಿ ಕೋಲ್ಕತ್ತ ಕಪ್ ಗೆದ್ದ ಫೈನಲ್ ನಡೆದದ್ದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಅಂದು 94 ರನ್ ಗಳಿಸಿ ಗೆಲುವಿಗೆ ಕಾರಣರಾದವರು ಇದೇ ಪಾಂಡೆ. ಆ ಋತುವಿನಲ್ಲಿ ಲೀಗ್‌ನ ಅತಿ ಹೆಚ್ಚು ರನ್ ಗಳಿಸಿದ ಕೋಲ್ಕತ್ತದ ಬ್ಯಾಟರ್ ಉತ್ತಪ್ಪ ಕೂಡ ಒಂದು ಕಾಲದ ಆರ್‌ಸಿಬಿ ಆಟಗಾರ. ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ ತಂಡ 2013–14 ಮತ್ತು 2014–15ರಲ್ಲಿ ಸತತವಾಗಿ ರಣಜಿ ಟ್ರೋಫಿ ಗೆದ್ದಿತು. ಅದೇ ಕಾಲದಲ್ಲಿ ಆರ್‌ಸಿಬಿ ಹೊರಗಿನ ತಾರೆಗಳನ್ನು ಅರಸುತ್ತಿತ್ತು. 2016ರಲ್ಲಿ ತಂಡಕ್ಕೆ ಮರಳಿದ್ದ ಕೆ. ಎಲ್. ರಾಹುಲ್ ಅವರನ್ನು 2018ರಲ್ಲಿ ಪಂಜಾಬ್ 11 ಕೋಟಿಗೆ ಕೊಂಡಿತು. ಆ ವರ್ಷವೇ ಅವರು 659 ರನ್ ಗಳಿಸಿದರು.

ರಾಜ್ಯದೊಳಗಿನ ಪ್ರತಿಭೆಗಳನ್ನು ಗುರುತಿಸಲು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮಹಾರಾಜ ಟ್ರೋಫಿ ಟಿ20 ಟೂರ್ನಿ ಒಂದು ಮುಖ್ಯ ವೇದಿಕೆ. 2024ರಲ್ಲಿ ಕರುಣ್ ನಾಯರ್ ನಾಯಕತ್ವದ ಮೈಸೂರು ವಾರಿಯರ್ಸ್ ಈ ಪ್ರಶಸ್ತಿಯನ್ನು ಗೆದ್ದಿತು. ಆ ತಂಡದ ಆಲ್‌ರೌಂಡರ್ ಮನೋಜ್ ಭಾಂಡಗೆ ಆರ್‌ಸಿಬಿಯಲ್ಲೂ ಸ್ಥಾನ ಪಡೆದರು. 2025ರ ವಿಜೇತ ತಂಡದಲ್ಲಿ ದೇವದತ್ತ ಪಡಿಕ್ಕಲ್ ಇದ್ದರು. ಅವರು ಗಾಯಗೊಂಡಾಗ ಮಯಾಂಕ್ ಅಗರವಾಲ್ ಬದಲಿಯಾಗಿ ಬಂದು ಫೈನಲ್‌ನಲ್ಲೂ ಆಡಿದರು.

ಊರಿನವರೆಂಬ ಕಾರಣಕ್ಕೆ ಮಾತ್ರ ಆಯ್ಕೆ ಮಾಡುವುದು ಸರಿಯಾದ ಕ್ರಮವಲ್ಲವೆಂಬುದಕ್ಕೆ ದೆಹಲಿಯ ಕೊಹ್ಲಿ ಮತ್ತು ಇಂದೋರಿನ ಪಾಟಿದಾರ್ ಇಬ್ಬರೂ ಸಾಕ್ಷಿ. ಆದರೆ ಕಣ್ಣೆದುರೇ ಬೆಳೆದ ಆಟಗಾರನನ್ನು ಇತರರಿಗಿಂತ ಮೊದಲು ಅರಿಯುವ ಅವಕಾಶ ಊರಿನ ತಂಡಕ್ಕೇ ಹೆಚ್ಚು. ಅದನ್ನು ಬಳಸಿಕೊಳ್ಳದಿದ್ದರೆ ನಷ್ಟ ತಂಡದ್ದೇ.

ಆಯ್ಕೆಯ ಮಾನದಂಡಗಳು

ಮೇಲಿನ ಘಟನೆಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಸಂಕಷ್ಟದಲ್ಲಿರುವ ತಂಡವೊಂದು ಆಧಾರ ಆಟಗಾರನನ್ನು ಆರಿಸುವಾಗ ಗಮನಿಸಬೇಕಾದ ಅಂಶಗಳು ಸ್ಪಷ್ಟವಾಗುತ್ತವೆ:

1. ಕೀರ್ತಿಗಿಂತ ಆಟದ ಸ್ವರೂಪಕ್ಕೆ ಹೊಂದಿಕೆ ಮುಖ್ಯ. ಟೆಸ್ಟ್ ಕ್ರಿಕೆಟ್‌ನ ಘನತೆ ಇಪ್ಪತ್ತು ಓವರ್‌ಗಳ ಆಟದಲ್ಲಿ ತಾನಾಗಿ ಫಲ ಕೊಡುವುದಿಲ್ಲವೆಂದು 2008 ತೋರಿಸಿತು.

2. ಮೊದಲ ವರ್ಷದ ಅಂಕಿಗಳಿಂದ ಕಿರಿಯನ ಭವಿಷ್ಯವನ್ನು ಅಳೆಯಬಾರದು. 165 ರನ್‌ನ ಕೊಹ್ಲಿಯನ್ನು ಕೈಬಿಟ್ಟಿದ್ದರೆ 973 ರನ್‌ನ ಕೊಹ್ಲಿ ಇನ್ನೊಂದು ತಂಡದಲ್ಲಿರುತ್ತಿದ್ದರು.

3. ಹಿರಿಯ ನಾಯಕನನ್ನು ಸೇತುವೆಯಾಗಿ ಬಳಸುವುದು ತಪ್ಪಲ್ಲ. ಆದರೆ ಸೇತುವೆಯ ಆಚೆ ದಡದಲ್ಲಿ ಯಾರಿದ್ದಾರೆಂಬುದನ್ನು ಮೊದಲೇ ತಿಳಿದಿರಬೇಕು. ಕುಂಬ್ಳೆಯವರ ಕಾಲದಲ್ಲಿ ಕೊಹ್ಲಿ, ಡು ಪ್ಲೆಸಿ ಕಾಲದಲ್ಲಿ ಪಾಟಿದಾರ್ ತಂಡದೊಳಗೇ ಇದ್ದರು.

4. ಹರಾಜಿನ ಬೆಲೆ ಆ ದಿನದ ಬೇಡಿಕೆಯನ್ನು ಸೂಚಿಸುತ್ತದೆ, ಆಟಗಾರನ ಯೋಗ್ಯತೆಯನ್ನಲ್ಲ. ಗೇಲ್ ಮತ್ತು ಪಾಟಿದಾರ್ ಇಬ್ಬರೂ ಒಮ್ಮೆ ಮಾರಾಟವಾಗದೆ ಉಳಿದವರು.

5. ಸೋಲಿನ ಮೊದಲ ಏಟಿಗೇ ನಾಯಕನನ್ನು ಬದಲಿಸಬಾರದು. ಮಂಧಾನ ಅವರ ಪ್ರಕರಣ ಇದಕ್ಕೆ ನಿದರ್ಶನ.

6. ಆಧಾರ ಆಟಗಾರ ವಿಫಲನಾದ ದಿನವೂ ಗೆಲ್ಲಬಲ್ಲ ತಂಡವನ್ನು ಅವನ ಸುತ್ತ ಕಟ್ಟಬೇಕು. 2016 ಮತ್ತು 2025ರ ಫೈನಲ್‌ಗಳ ನಡುವಿನ ವ್ಯತ್ಯಾಸ ಇಷ್ಟೇ.

ಜನಮಾನಸದಲ್ಲಿ

ಪ್ರತಿ ಋತುವಿನ ಆರಂಭದಲ್ಲಿ ಕೇಳಿಬರುತ್ತಿದ್ದ 'ಈ ಸಲ ಕಪ್ ನಮ್ದೇ' ಎಂಬ ಘೋಷಣೆ ಅಭಿಮಾನಿಗಳ ಭರವಸೆಯ ಮಾತಾಗಿಯೂ ಎದುರಾಳಿಗಳ ಹಾಸ್ಯದ ವಸ್ತುವಾಗಿಯೂ ಬಳಕೆಯಲ್ಲಿತ್ತು. ಬಹುಕಾಲ ಕಾದ ಗೆಲುವಿನ ಮರುದಿನ, 2025ರ ಜೂನ್ 4ರಂದು, ವಿಜಯೋತ್ಸವಕ್ಕಾಗಿ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೆರೆದ ಜನಸಂದಣಿಯಲ್ಲಿ ಕಾಲ್ತುಳಿತ ಉಂಟಾಗಿ 11 ಮಂದಿ ಮೃತಪಟ್ಟರು. ಒಂದು ತಂಡದ ಗೆಲುವನ್ನು ಜನರು ತಮ್ಮದೇ ಎಂದು ಎಷ್ಟು ಆಳವಾಗಿ ಭಾವಿಸುತ್ತಾರೆ ಎಂಬುದು ಆ ದಿನ ದುಃಖದ ರೂಪದಲ್ಲಿ ಪ್ರಕಟವಾಯಿತು. ತಂಡ ಕಟ್ಟುವವರ ಹೊಣೆ ಮೈದಾನದ ಗೆರೆಯೊಳಗೆ ಮುಗಿಯುವುದಿಲ್ಲ. ಆ ಗೆಲುವನ್ನು ನೋಡಲು ಬರುವವರ ಸುರಕ್ಷತೆಯೂ ಅದರ ಭಾಗ.